ನೀರು ಕುಡಿಯುವ ಜಾಕೆಟ್ಟುಗಳಿಗೆ ನಾನು ಹಾಕಿದ ಸಹಿ

ಹತ್ತಿ ನೀರು ಕುಡಿಯುತ್ತದೆ, ಬೂರುಗ ಕುಡಿಯುವುದಿಲ್ಲ. ಇದನ್ನು ತಿಳಿಯಲು ಬಿ.ಎಸ್ಸಿ. ಓದಬೇಕಾಗಿಲ್ಲ, ಹಾಸಿಗೆ ಹೊಲಿಯುವ ಯಾರನ್ನು ಕೇಳಿದರೂ ಹೇಳುತ್ತಾರೆ. ಇಷ್ಟು ಸಣ್ಣ ವಿಷಯ ಗೊತ್ತಿದ್ದೂ ಗೊತ್ತಿಲ್ಲದವನಂತೆ ನಟಿಸಿದ ಒಬ್ಬ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನ ಮಾತಿಗೆ ಎರಡು ಸಲ ಸಹಿ ಹಾಕಿದ ನನ್ನ ಮೇಲೂ ಇದೆ. ವಯಸ್ಸಾದಂತೆ ಕೋಪ ತಣ್ಣಗಾಗುತ್ತದೆ ಅನ್ನುತ್ತಾರೆ. ನನ್ನದು ಆಗಿಲ್ಲ. ಬಿಪಿ ಮಾತ್ರೆ ಬರೆದುಕೊಡುವ ಡಾಕ್ಟರಿಗೂ ಹೇಳಿದ್ದೇನೆ, ಇದು ಮಾತ್ರೆಗೆ ಬಗ್ಗುವಂಥದ್ದಲ್ಲ ಅಂತ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆ ಆರ್.ಟಿ. ನಗರದಲ್ಲಿ, ಇನ್ನೂ ಅರ್ಧದಷ್ಟು ಸೈಟುಗಳು ಖಾಲಿ ಬಿದ್ದಿದ್ದ ಕಾಲ. ನಾನು ಓದು ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಿದ್ದೆ. ಯಶವಂತಪುರದ ರೈಲ್ವೆ ಯಾರ್ಡಿನ ಹಿಂದಿದ್ದ ಒಂದು ಕಾರ್ಖಾನೆಯಲ್ಲಿ 'ಚೆಕ್ಕಿಂಗ್' ಕೆಲಸಕ್ಕೆ ಸೈನ್ಸ್ ಓದಿದ ಹುಡುಗಿ ಬೇಕಂತೆ ಅಂತ ಅಪ್ಪನ ಸ್ನೇಹಿತರೊಬ್ಬರು ಹೇಳಿದರು. ಹೋದೆ. ಅದೇ ದಿನ ಸೇರಿಸಿಕೊಂಡರು.

ಮೊದಲು ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದ ಕಾರ್ಖಾನೆ ಅದು. ನಾನು ಸೇರುವ ಹೊತ್ತಿಗೆ ಸೇನೆಯ ಕೆಲಸ ಹಿಡಿದಿತ್ತು. ನೆಲದ ಮೇಲೆ ಓಡಿ, ಹಾಗೇ ನೀರಿಗಿಳಿದು ತೇಲಿಕೊಂಡು ಹೋಗಿ, ಆಚೆ ದಡ ಹತ್ತುವ ಉಕ್ಕಿನ ಗಾಡಿಗಳಿರುತ್ತವೆ. ಸೈನಿಕರು ಅದರ ಹೊಟ್ಟೆಯೊಳಗೆ ಕೂತು ನದಿ ದಾಟಬೇಕು, ಸಮುದ್ರದ ದಂಡೆಗೆ ಇಳಿಯಬೇಕು. ನಾವು ಮಾಡುತ್ತಿದ್ದುದು ಎರಡೇ ಸಾಮಾನು: ಆ ಗಾಡಿಯ ಬಾಗಿಲು, ಮುಚ್ಚಳಗಳ ಅಂಚಿಗೆ ಕೂರಿಸುವ ರಬ್ಬರ್ ಪಟ್ಟಿ, ಮತ್ತೆ ಒಳಗೆ ಕೂರುವ ಸೈನಿಕರು ತೊಡುವ ತೇಲುವ ಜಾಕೆಟ್ಟು.

ರಬ್ಬರಿನ ಪರೀಕ್ಷೆ ನನಗೆ ಇಷ್ಟವಾಗುತ್ತಿತ್ತು. ಬಾಗಿಲಿನ ಚೌಕಟ್ಟಿಗೆ ಪಟ್ಟಿ ಕೂರಿಸಿ, ಮಧ್ಯೆ ಒಂದು ಕಾಗದದ ಚೂರಿಟ್ಟು ಮುಚ್ಚಬೇಕು. ಕಾಗದ ಎಳೆದರೆ ಹರಿಯಬೇಕೇ ಹೊರತು ಜಾರಿ ಬರಬಾರದು. ಸುತ್ತಲೂ ಒಂದೊಂದು ಗೇಣಿಗೆ ಹೀಗೆ ನೋಡಬೇಕು. ಒಂದು ಕಡೆ ಕಾಗದ ಜಾರಿತೋ, ಅಲ್ಲಿಂದ ನೀರು ನುಗ್ಗುತ್ತದೆ ಅಂತ ಅರ್ಥ. ನುಗ್ಗಿದ ನೀರನ್ನು ಹೊರಗೆ ಹಾಕಲು ಗಾಡಿಯಲ್ಲಿ ಪಂಪು ಇರುತ್ತದೆ. ಪಂಪೂ ಕೈಕೊಟ್ಟರೆ ಸೈನಿಕನಿಗೆ ಕೊನೆಗೆ ಉಳಿಯುವುದು ಮೈಮೇಲಿನ ಜಾಕೆಟ್ಟೊಂದೇ.

ಜಾಕೆಟ್ಟಿಗೆ ತುಂಬುತ್ತಿದ್ದುದು ಬೂರುಗದ ಅರಳೆ. ಅದರ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದಂಥ ನುಣುಪು, ನೀರು ಹತ್ತುವುದಿಲ್ಲ. ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಅದನ್ನು ತುಂಬಿ, ಬಾಯಿ ಅಂಟಿಸಿ, ಆ ಚೀಲಗಳನ್ನು ಕ್ಯಾನ್ವಾಸಿನ ಜೇಬುಗಳಿಗೆ ಸೇರಿಸಿ ಹೊಲಿಯುತ್ತಿದ್ದರು. ಹೊಲಿಯುವವರು ಮೂವತ್ತು ಜನ ಹೆಂಗಸರು. ಅರಳೆಯ ಜವಾಬ್ದಾರಿ ಮಾತ್ರ ಒಬ್ಬ ಮುದುಕರದ್ದು.

ಅವರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಪಿಂಜಾರರು. ಆರ್.ಟಿ. ನಗರ, ಹೆಬ್ಬಾಳದ ಬೀದಿಗಳಲ್ಲಿ ಹೆಗಲ ಮೇಲೆ ಬಿಲ್ಲು ಹೊತ್ತುಕೊಂಡು ತಿರುಗಿ ಹಾಸಿಗೆಯ ಹತ್ತಿ ಎಕ್ಕಿಕೊಡುತ್ತಿದ್ದವರು. ನಾನು ಸಣ್ಣವಳಾಗಿದ್ದಾಗ ನಮ್ಮ ಮನೆ ಮುಂದೆ ಕೂತು ಟಂಯ್ ಟಂಯ್ ಅಂತ ಬಿಲ್ಲು ಬಾರಿಸುತ್ತಿದ್ದುದು ಇವರೇ ಇರಬೇಕು ಅಂತ ನಾನು, ಇರಲಾರದು ಅಂತ ಅವರು. ಹೆಂಡತಿಯೊಂದಿಗೆ ದಖ್ಖನಿ, ನಮ್ಮೊಂದಿಗೆ ಕನ್ನಡ. ಅರಳೆ ಮೂಟೆ ಬಂದರೆ ಮೊದಲು ಅವರು ಕೈ ಹಾಕಬೇಕು. ಒಳಗೆ ಕೈ ತೂರಿಸಿ, ಕಣ್ಣು ಮುಚ್ಚಿ, ಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದರು.

"ಬೇಟಿ, ಬೂರುಗ ಕೈಯಲ್ಲಿ ನಿಲ್ಲೋದಿಲ್ಲ, ಜಾರ್ತದೆ. ಹತ್ತಿ ಕೈ ಹಿಡೀತದೆ. ನಿಮ್ ಕಾಲೇಜಲ್ಲಿ ಇದು ಹೇಳ್ಕೊಡಲ್ವಾ?"

"ಇಲ್ಲ ಚಾಚಾ."

"ಮತ್ತೇನು ಹೇಳ್ಕೊಟ್ರು ಮೂರು ವರ್ಷ!"

ನನ್ನ ಪರೀಕ್ಷೆಗೆ ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಇತ್ತು. ಪ್ರತಿ ಲಾಟಿನಿಂದ ನನಗೆ ಬೇಕಾದ ನಾಲ್ಕು ಜಾಕೆಟ್ಟು ಎತ್ತಿಕೊಂಡು, ಕಬ್ಬಿಣದ ತೂಕ ಕಟ್ಟಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಬಿಡಬೇಕು. ಮರುದಿನ ಬೆಳಿಗ್ಗೆಯೂ ತೇಲುತ್ತಿದ್ದರೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು. ಮೊದಲ ವರ್ಷ ಒಂದೂ ಮುಳುಗಲಿಲ್ಲ. ಬೆಳಿಗ್ಗೆ ಬಂದವಳೇ ಚೀಲವನ್ನೂ ಕೆಳಗಿಡದೆ ತೊಟ್ಟಿ ನೋಡಲು ಓಡುತ್ತಿದ್ದೆ.

ಆಮೇಲೆ ದೊಡ್ಡ ಆರ್ಡರು ಬಂತು, ಮೂರು ಲಾಟಿನಲ್ಲಿ ಬೇಗ ಕೊಡಬೇಕು ಅನ್ನುವ ಷರತ್ತಿನೊಂದಿಗೆ. ಬೂರುಗ ಸಾಕಷ್ಟು ಸಿಗಲಿಲ್ಲ. ಒಂದು ಮಧ್ಯಾಹ್ನ ಲಾರಿ ಬಂದು ಮೂಟೆಗಳನ್ನು ಇಳಿಸಿತು. ಚಾಚಾ ಕೈ ಹಾಕಿದರು, ತೆಗೆದರು, ಮತ್ತೊಂದು ಮೂಟೆಗೆ ಹಾಕಿದರು. ಆಮೇಲೆ ನನ್ನನ್ನು ಕರೆದರು.

"ಇದು ಬೂರುಗ ಅಲ್ಲ ಬೇಟಿ. ಗಿರಣಿ ಕಸ. ನೂಲು ತೆಗೆದ ಮೇಲೆ ಉಳಿಯೋದು. ಬಿಳಿ ಮಾಡಿದ್ದು ಬೇರೆ. ಇದು ನೀರು ಕಂಡ್ರೆ ಒಂಟೆ ಥರಾ ಕುಡೀತದೆ."

ಮ್ಯಾನೇಜರು ಯಜಮಾನರ ಅಳಿಯ. ಯಜಮಾನರು ಮದರಾಸಿನಲ್ಲಿ ಇರುತ್ತಿದ್ದರು, ಇಲ್ಲಿ ಅಳಿಯನದೇ ರಾಜ್ಯ. ಇಸ್ತ್ರಿ ಕೆಡದ ಬಿಳಿ ಶರಟು, ಮೃದು ಮಾತು. ನಾನು ಹೋಗಿ ಹೇಳಿದೆ. ಅವರು ನಕ್ಕರು.

"ಅರ್ಧ ಅದು, ಅರ್ಧ ಇದು ಹಾಕ್ತೀವಿ ಅಷ್ಟೇ. ಮೇಲೆ ಪ್ಲಾಸ್ಟಿಕ್ ಇದೆಯಲ್ಲಮ್ಮಾ, ನೀರು ಎಲ್ಲಿಂದ ಹೋಗತ್ತೆ?"

ಆ ಪ್ಲಾಸ್ಟಿಕ್ಕೂ ಆ ಹೊತ್ತಿಗೆ ಮೊದಲಿಗಿಂತ ತೆಳುವಾಗಿತ್ತು. ಸೊಪ್ಪು ಕಟ್ಟಿಕೊಡುವ ಚೀಲದಂಥದ್ದು. ಇಕ್ಕಟ್ಟಿನ ಗಾಡಿಯೊಳಗೆ ಸೈನಿಕ ಒಂದೆರಡು ದಿನ ಅದಕ್ಕೆ ಒರಗಿ ಕೂತರೆ ಸಾಕು, ಹರಿಯುತ್ತದೆ. ನಾನು ನಾಲ್ಕು ಜಾಕೆಟ್ಟು ತೆಗೆದುಕೊಂಡು, ಹೆಂಗಸರನ್ನು ಅವುಗಳ ಮೇಲೆ ಒಂದು ದಿನ ಕೂರಿಸಿ ಹೊಲಿಗೆ ಕೆಲಸ ಮಾಡಿಸಿದೆ. ಆಮೇಲೆ ತೂಕ ಕಟ್ಟಿ ತೊಟ್ಟಿಗೆ ಹಾಕಿದೆ. ಬೆಳಿಗ್ಗೆ ಒಂಬತ್ತಕ್ಕೆ ಹಾಕಿದ್ದು, ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಹೊತ್ತಿಗೆ ಮೂರು ತಳ ಸೇರಿದ್ದವು. ಎತ್ತಲು ಹೋದರೆ ಒಂದೊಂದೂ ನೀರು ತುಂಬಿದ ಬಿಂದಿಗೆಯಷ್ಟು ಭಾರ.

"ನೀವು ತಗೊಂಡ ಪೀಸುಗಳೇ ಸರಿ ಇಲ್ಲ," ಅಂದರು ಮ್ಯಾನೇಜರು. ಮರುದಿನ ಅವರೇ ನಾಲ್ಕು ಜಾಕೆಟ್ಟು ಕಳಿಸಿದರು. ಅವು ತೇಲಿದವು. ತೇಲದೆ ಏನು? ಒಳ್ಳೆ ಬೂರುಗ ತುಂಬಿ, ದಪ್ಪ ಪ್ಲಾಸ್ಟಿಕ್ ಹಾಕಿ, ಪರೀಕ್ಷೆಗೆಂದೇ ಹೊಲಿಸಿದ್ದವು. ಬೇರೆಯವುಗಳೊಂದಿಗೆ ಬೆರೆತು ಹೋಗದಿರಲಿ ಅಂತ ಕೆಳ ಅಂಚಿನಲ್ಲಿ ಕೆಂಪು ದಾರದ ಒಂದು ಗಂಟು ಹಾಕಿಸಿದ್ದರು.

ಮೊದಲನೆಯ ಲಾಟಿನ ರಿಜಿಸ್ಟರು ನನ್ನ ಮುಂದೆ ಬಂತು. "ತೇಲಿದ್ದು ನಿಜ ತಾನೇ? ತೇಲಿದೆ ಅಂತ ಬರೀರಿ. ಸುಳ್ಳೇನಿದೆ ಇದರಲ್ಲಿ?" ಅಂದರು. ಮುಂದಿನ ತಿಂಗಳು ನನ್ನನ್ನು ಖಾಯಂ ಮಾಡುವ ಮಾತೂ ಬಂತು. ಸರ್ಕಾರದಿಂದ ಬಂದ ತಪಾಸಣೆಯ ಅಧಿಕಾರಿ ಆ ಕೋಣೆಯಲ್ಲೇ ಕೂತು ಬೋಂಡಾ ತಿನ್ನುತ್ತಿದ್ದರು. ತೊಟ್ಟಿ ಎಲ್ಲಿದೆ ಅಂತ ಕೂಡ ಕೇಳಲಿಲ್ಲ. ನಾನು ಸಹಿ ಹಾಕಿದೆ. ನನಗೆ ಆಗ ಇಪ್ಪತ್ತಮೂರು ವರ್ಷ. ಅದು ನೆಪವಾಗುವುದಿಲ್ಲ ಅಂತ ನನಗೆ ಗೊತ್ತು.

ಅದೇ ದಿನಗಳಲ್ಲಿ ರಬ್ಬರ್ ಪಟ್ಟಿಯ ಅಳತೆಗೆಂದು ಸೇನೆಯವರು ಒಂದು ಗಾಡಿಯನ್ನೇ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಅದರ ಜೊತೆ ಒಬ್ಬ ಡ್ರೈವರ್ ಸಿಪಾಯಿ. ನಮ್ಮ ಕಡೆಯವನೇ, ಜಾಲಹಳ್ಳಿ ಆಚೆಗಿನ ಸಿಂಗಾಪುರ ಅನ್ನುವ ಹಳ್ಳಿಯವನು. ಅವನ ತಾಯಿ ಅಲ್ಲಿ ಸೊಪ್ಪು, ಬದನೆ ಬೆಳೆದು ಯಶವಂತಪುರದ ಮಾರ್ಕೆಟ್ಟಿಗೆ ತಂದು ಹಾಕುತ್ತಿದ್ದರು. ಗಾಡಿ ನಮ್ಮಲ್ಲಿದ್ದ ಮೂರು ವಾರವೂ ಅವನಿಗೆ ಮನೆ ಊಟ ಸಿಕ್ಕಿತು, ಅದಕ್ಕೇ ಬಹಳ ಖುಷಿಯಲ್ಲಿದ್ದ.

ಒಂದು ದಿನ ಹಿಂಬದಿ ಬಾಗಿಲಿನ ಪಟ್ಟಿ ಒಳಗಿನಿಂದ ಹೇಗೆ ಕೂರುತ್ತದೆ ಅಂತ ನೋಡಲು ನಾನು ಗಾಡಿಯೊಳಗೆ ಹತ್ತಿದೆ. ಅವನು ಡ್ರೈವರ್ ಜಾಗದಲ್ಲಿ ಕೂತು ಎಲ್ಲ ಮುಚ್ಚಳ ಮುಚ್ಚಿದ. ಉಸಿರು ಕಟ್ಟಿತು. ಡೀಸೆಲ್ ವಾಸನೆ, ಬಿಸಿ ಕಬ್ಬಿಣ, ಮಂಡಿಗೆ ಮಂಡಿ ತಗಲುವ ಬೆಂಚು. ಹೊರಗೆ ನೋಡಲು ಅಂಗೈಯಗಲದ ದಪ್ಪ ಗಾಜು.

"ಇಂಗೇ ಅಕ್ಕಾ," ಅಂದ. "ನೀರ್ಗೆ ಇಳಿದ್ಮ್ಯಾಗೆ ಆ ಗಾಜೆಲ್ಲ ಅಸ್ರಾಯ್ತದೆ, ಪಾಚಿ ಬಣ್ಣ. ಮುಂದೆ ಒಂದು ಅಲ್ಗೆ ಎತ್ತಿರ್ತೀವಿ, ಅಲೆ ಮ್ಯಾಕ್ಕೆ ಬರ್ದಂಗೆ. ನೀರಿಂದ ಮ್ಯಾಲೆ ಉಳಿಯಾದು ಒಂದ್ ಮೊಳ ಅಷ್ಟೆ."

"ಭಯ ಆಗಲ್ವಾ?"

"ಆಯ್ತದೆ. ನಂಗೆ ಈಜು ಅಷ್ಟಾಗಿ ಬರಾಕಿಲ್ಲ. ನಮ್ಮೂರ್ ಕೆರೇಲಿ ಎಮ್ಮೆ ಬಾಲ ಇಡ್ಕೊಂಡು ಈಜಿದ್ದು." ನಕ್ಕ. ತಾನು ಕೂತಿದ್ದ ಸೀಟಿನ ಮೇಲಿಂದ ಒಂದು ಜಾಕೆಟ್ಟು ಎಳೆದು ತೋರಿಸಿದ. ಬೆನ್ನಿಗೆ ದಿಂಬಿನ ಹಾಗೆ ಇಟ್ಟುಕೊಂಡಿದ್ದ. ಬೇರೆ ಯಾವುದೋ ಕಡೆಯಿಂದ ಬಂದ ಹಳೆಯದು, ಚಪ್ಪಟೆಯಾಗಿ ಹಪ್ಪಳದಂತಾಗಿತ್ತು. "ಇದ್ಕೆ ಬದ್ಲು ನಿಮ್ದೇ ಒಸಾದು ಬತ್ತದಂತೆ. ತೇಲ್ತದಲ್ವಾ ಅಕ್ಕಾ ಅದು?"

"ತೇಲತ್ತೆ," ಅಂದೆ.

ಮುಚ್ಚಳ ತೆರೆಸಿ ಹೊರಗೆ ಬಂದೆ. ಅಂಗಳದ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಅಷ್ಟಾದ ಮೇಲೂ ಎರಡು ವಾರದ ನಂತರ ಎರಡನೆಯ ಲಾಟಿನ ರಿಜಿಸ್ಟರು ಬಂದಾಗ ಮತ್ತೆ ಸಹಿ ಹಾಕಿದೆ. ಯಾರಾದರೂ ಇದನ್ನು ಓದಿ ನನ್ನನ್ನು ಧೈರ್ಯವಂತೆ ಅಂದುಕೊಂಡರೆ ಈ ಸಾಲಿಗೆ ಮರಳಿ ಬರಲಿ.

ಮೂರನೆಯ ಲಾಟು ಸಿದ್ಧವಾದಾಗ ಮ್ಯಾನೇಜರು ಸಂಭ್ರಮದಲ್ಲಿದ್ದರು. ಯಲಹಂಕದಿಂದ ಆಚೆಗಿನ ಒಂದು ಕೆರೆಯಲ್ಲಿ ಸೇನೆಯವರು ಗಾಡಿಯನ್ನು ನೀರಿಗಿಳಿಸಿ ನಮ್ಮ ರಬ್ಬರ್ ಪಟ್ಟಿ, ನಮ್ಮ ಜಾಕೆಟ್ಟು ಎರಡನ್ನೂ ನೋಡುವವರಿದ್ದರು. ಅದು ಮುಗಿದ ಕೂಡಲೇ ಮೂರನೆಯ ಲಾಟು ಅಲ್ಲಿಂದಲೇ ಡಿಪೋಗೆ ಹೋಗಲಿ ಅಂತ ಲಾರಿಗೆ ತುಳಿದು ತುಂಬಿಸಿದ್ದರು, ಅಷ್ಟಕ್ಕೇ ಒಳಗಿನ ಎಷ್ಟು ಚೀಲ ಒಡೆದಿದ್ದವೋ. ಲಾರಿಯಲ್ಲಿ ನಾನು, ಚಾಚಾ; ಮ್ಯಾನೇಜರು ತಮ್ಮ ಕಾರಿನಲ್ಲಿ. ಏನಾದರೂ ಹೊಲಿಗೆ ಬಿಟ್ಟರೆ ಅಲ್ಲೇ ಹಾಕಿಕೊಡಲು ಚಾಚಾ ಬೇಕಿತ್ತು. ಆರು ಸೈನಿಕರು ನೀರಿಗಿಳಿಯುತ್ತಾರೆ ಅಂತ ಹೇಳಿದ್ದರಿಂದ ಕೆಂಪು ಗಂಟಿನ ಆರು ಜಾಕೆಟ್ಟು ಬೇರೆ ಕಟ್ಟಿಟ್ಟಿದ್ದರು.

ಕೆರೆ ದಡದಲ್ಲಿ ಶಾಮಿಯಾನ, ಕುರ್ಚಿಗಳು, ಮೇಜಿನ ಮೇಲೆ ಗಾಜಿನ ಲೋಟಗಳು. ಐದಾರು ಅಧಿಕಾರಿಗಳು. ಸಿಂಗಾಪುರದ ಹುಡುಗ ಗಾಡಿಯ ಮೇಲಿಂದ ನನಗೆ ಕೈ ಬೀಸಿದ. ಮೊದಲು ಅವನೊಬ್ಬನೇ ಗಾಡಿಯನ್ನು ನೀರಿಗಿಳಿಸಿದ. ಮುಂದಿನ ಹಲಗೆ ಎತ್ತಿಕೊಂಡು, ಮೂತಿ ತಗ್ಗಿಸಿ, ಒಂದು ಕ್ಷಣ ಮುಳುಗಿಯೇ ಹೋಯಿತೇನೋ ಅನ್ನಿಸಿ, ಆಮೇಲೆ ಆ ಉಕ್ಕಿನ ಗುಡ್ಡ ತೇಲಿತು. ಕೆರೆ ಸುತ್ತಿ ವಾಪಸು ಬಂತು. ಹಿಂಬದಿ ಬಾಗಿಲು ತೆರೆದರೆ ಒಳಗೆ ಒಂದು ಚೊಂಬು ನೀರಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಟ್ಟಿ! ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಅವರಲ್ಲಿ ಹಿರಿಯ ಅಧಿಕಾರಿ, ಎತ್ತರದ ಬಿಳಿ ಮೀಸೆಯವರು, ಹಿಂದಿಯಲ್ಲಿ ಹೇಳಿದರು: ಆರು ಜನ ಯಾಕೆ, ಪೂರ್ತಿ ಹತ್ತು ಜನ ಕೂತು ಹೋಗಲಿ, ಕೆರೆ ಮಧ್ಯದಲ್ಲಿ ನೀರಿಗೆ ಹಾರಲಿ, ಅರ್ಧ ಗಂಟೆ ಅಲ್ಲೇ ಇರಲಿ, ಡ್ರೈವರನೂ ಜಾಕೆಟ್ಟು ಹಾಕಿಕೊಳ್ಳಲಿ.

ನಾನು ಮ್ಯಾನೇಜರ ಮುಖವನ್ನೇ ನೋಡುತ್ತಿದ್ದೆ. ಅವರು ಇಲ್ಲ ಅನ್ನಬಹುದಿತ್ತು. ಲಾಟಿನ ಕಟ್ಟು ಬಿಚ್ಚುವ ಹಾಗಿಲ್ಲ ಅನ್ನಬಹುದಿತ್ತು. ಅವರು ಲಾರಿಯ ಕಡೆ ತಿರುಗಿ, "ಇನ್ನು ಐದು ಇಳಿಸಿ," ಅಂದರು. ನೂರು ಬಾರಿ ನೆನೆಸಿಕೊಂಡಿದ್ದೇನೆ ಆ ಮೃದು ದನಿಯನ್ನು. ಹಪ್ಪಳ ಇನ್ನೆರಡು ಹಾಕಿ ಅಂದ ಹಾಗಿತ್ತು.

ಕ್ಲೀನರು ಲಾಟಿನಿಂದ ಐದು ಜಾಕೆಟ್ಟು ಎಳೆದು ಹಂಚಿದ. ಅದರಲ್ಲಿ ಒಂದನ್ನು ಸಿಂಗಾಪುರದವನು ತೊಟ್ಟು, ಎದೆಯ ಪಟ್ಟಿ ಬಿಗಿದುಕೊಂಡ. ಅಂಚಿನಲ್ಲಿ ಕೆಂಪು ಗಂಟಿಲ್ಲ.

"ಹಾಕ್ಕೋಬೇಡ! ಬಿಚ್ಚು ಅದನ್ನ!" ಅಂತ ಕೂಗಿದೆ. ನಾನು ಕೂಗಿದ್ದು ನನಗೇ ಆಮೇಲೆ ಗೊತ್ತಾಯಿತು. ಓಡಿಹೋಗಿ ಗಾಡಿಯ ಮುಂದೆ ನಿಂತಿದ್ದೆ, ಚಪ್ಪಲಿ ಕೆಸರಿನಲ್ಲಿ ಹೂತು ಹೋಗಿತ್ತು. "ಯಾರೂ ಇಳೀಬೇಡಿ! ಇದು ತೇಲಲ್ಲ!"

ಮ್ಯಾನೇಜರು ಬಂದು ನನ್ನ ತೋಳು ಹಿಡಿದರು. "ಈಕೆಗೆ ಹುಷಾರಿಲ್ಲ ಸಾರ್, ಬೆಳಿಗ್ಗೆಯಿಂದ..." ಅಂತ ಇಂಗ್ಲಿಷಿನಲ್ಲಿ ಶುರು ಮಾಡಿದರು.

ನಾನು ಕೈ ಕೊಡವಿಕೊಂಡೆ. "ಹುಷಾರಾಗಿದೀನಿ. ತೇಲತ್ತೆ ಅಂತೀರಲ್ಲ ಸಾರ್, ನೀವು ಹಾಕ್ಕೊಂಡು ಇಳೀರಿ. ಇದೇ ಜಾಕೆಟ್. ಅರ್ಧ ಗಂಟೆ. ನೀವು ಮೇಲೆ ಬಂದ್ರೆ ನಾನು ಇಲ್ಲೇ ಎಲ್ಲರ ಕಾಲಿಗೆ ಬೀಳ್ತೀನಿ."

ಈ ಹುಡುಗಿ ಏನು ಹೇಳುತ್ತಿದ್ದಾಳೆ ಅಂತ ಹಿರಿಯ ಅಧಿಕಾರಿ ಕೇಳಿದರು. ಚಾಚಾ ಮುಂದೆ ಬಂದು ತಮ್ಮ ದಖ್ಖನಿಯಲ್ಲಿ ಅಕ್ಷರ ಬಿಡದೆ ಹೇಳಿದರು. ಅಧಿಕಾರಿ ಮ್ಯಾನೇಜರ ಕಡೆ ತಿರುಗಿ, ಆಯಿತು, ತೊಟ್ಟುಕೊಳ್ಳಿ, ಅಂದರು.

"ನನಗೆ ಈಜು ಬರಲ್ಲ ಸಾರ್."

"ಈಜು ಬರುವವನಿಗೆ ಜಾಕೆಟ್ಟು ಯಾಕೆ ಬೇಕು?" ಅಂದರು ಅಧಿಕಾರಿ.

ಮ್ಯಾನೇಜರು ಅಲ್ಲಾಡಲಿಲ್ಲ. ಚಾಚಾ ಸಿಪಾಯಿಯ ಮೈಯಿಂದ ಆ ಜಾಕೆಟ್ಟು ಬಿಚ್ಚಿಸಿಕೊಂಡರು. ಶಾಮಿಯಾನದ ಮೇಜಿನ ಹತ್ತಿರ ಹೋಗಿ, ದಾರ ಕತ್ತರಿಸುವ ಕತ್ತರಿಯಿಂದ ಅದರ ಹೊಟ್ಟೆ ಸೀಳಿದರು. ಕೆಂಪು ಗಂಟಿನದೊಂದನ್ನೂ ಸೀಳಿದರು. ಎರಡು ಲೋಟಕ್ಕೆ ನೀರು ತುಂಬಿಸಿ ಅದರಿಂದೊಂದು ಚಿಟಿಕೆ ಅರಳೆ, ಇದರಿಂದೊಂದು ಚಿಟಿಕೆ ಹಾಕಿದರು. ಬೂರುಗ ನೀರಿನ ಮೇಲೆ ಒದ್ದೆಯಾಗದೆ ಕೂತಿತು. ಗಿರಣಿ ಕಸ ನೋಡನೋಡುತ್ತಿದ್ದಂತೆ ಮಂಕಾಗಿ, ಭಾರವಾಗಿ, ತಳಕ್ಕೆ ಹೋಯಿತು. ಕೆಂಪು ಗಂಟು ಯಾಕಿದೆ ಅನ್ನುವುದನ್ನೂ ಚಾಚಾ ಹೇಳಿದರು.

ಅಧಿಕಾರಿಗಳು ಟೀ ಕುಡಿಯದೆ ಜೀಪು ಹತ್ತಿದರು. ಮೂರನೆಯ ಲಾಟು ಪೂರ್ತಿ ತಿರಸ್ಕೃತವಾಯಿತು. ನಮ್ಮಿಬ್ಬರನ್ನು ಲಾರಿಗೆ ಹತ್ತಿಸಿಕೊಳ್ಳಲಿಲ್ಲ. ಉರಿಬಿಸಿಲಲ್ಲಿ ಯಲಹಂಕದವರೆಗೆ ನಡೆದು ಬಸ್ಸು ಹಿಡಿದೆವು. ಚಾಚಾ ನಗುತ್ತಿದ್ದರು.

"ನೌಕರಿ ಹೋಯ್ತು ಬೇಟಿ."

"ನಿಮ್ಮದೂ ಹೋಯ್ತಲ್ಲ ಚಾಚಾ."

"ನನ್ನ ಬಿಲ್ಲು ಇದೆಯಲ್ಲ."

ಬಿಲ್ಲು ಇದ್ದುದು ಕಾರ್ಖಾನೆಯಲ್ಲಿ. ಮರುದಿನ ಗೇಟಿಗೆ ಹೋದರೆ ವಾಚ್‌ಮನ್ ಒಳಗೆ ಬಿಡಲಿಲ್ಲ. ನನ್ನ ಊಟದ ಡಬ್ಬಿ, ಛತ್ರಿ ಹೊರಗೆ ಕೊಟ್ಟ. ಚಾಚಾರ ಬಿಲ್ಲು, ಮರದ ಕೊಡತಿ ಎರಡೂ ಕಾರ್ಖಾನೆಯ ಸಾಮಾನಂತೆ, ಕೊಡುವ ಹಾಗಿಲ್ಲವಂತೆ. ಅವರ ಅಪ್ಪನ ಕಾಲದ ಬಿಲ್ಲು! ಚಾಚಾ, "ನಕ್ಕೊ ಬೇಟಿ, ಬಿಡು," ಅಂದರು. ನಾನು ಬಿಡಲಿಲ್ಲ. ಆ ಗೇಟನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ. ಗೊತ್ತಿದ್ದದ್ದು ಕಡಿಮೆ, ಹಾಗಾಗಿ ಅವನ್ನೇ ಮತ್ತೆ ಮತ್ತೆ ಬೈದೆ. ಒಳಗೆ ಹೊಲಿಗೆ ಯಂತ್ರಗಳ ಸದ್ದು ಒಂದೊಂದಾಗಿ ನಿಂತಿತು. ಮೂವತ್ತು ಜನ ಹೆಂಗಸರು ಅಂಗಳಕ್ಕೆ ಬಂದು ನಿಂತರು. ಅವರಲ್ಲೊಬ್ಬಾಕೆ ಒಳಗೆ ಹೋಗಿ, ಯಾರನ್ನೂ ಕೇಳದೆ, ಬಿಲ್ಲು ಕೊಡತಿ ತಂದು ಗೇಟಿನ ಮೇಲಿಂದ ಚಾಚಾರ ಕೈಗೆ ಕೊಟ್ಟಳು. ಕಾರ್ಖಾನೆಯಲ್ಲಿ ನನಗೆ ಸಿಕ್ಕ ಗೆಲುವು ಅದೊಂದೇ ಅಂತ ಈಗ ಅನ್ನಿಸುತ್ತದೆ.

ಮೂರನೆಯ ಲಾಟೇನೋ ಹೋಯಿತು. ಮೊದಲನೆಯದು, ಎರಡನೆಯದು ಆಗಲೇ ಡಿಪೋ ಸೇರಿ ಅಲ್ಲಿಂದ ಎಲ್ಲೆಲ್ಲಿಗೋ ಹೊರಟಿದ್ದವು. ಎರಡರ ಮೇಲೂ ನನ್ನ ಸಹಿ. ನಾನು ತಪಾಸಣೆಯ ಕಚೇರಿಗೆ ಹೋದೆ. ಒಂದು ಸಲವಲ್ಲ, ಐದು ಸಲ. ಅವನ್ನು ವಾಪಸು ತರಿಸಿ, ಕತ್ತರಿಸಿ ನೋಡಿ ಅಂತ ಬರೆದು ಕೊಟ್ಟೆ. ಐದನೆಯ ಸಲ ಅಲ್ಲಿನ ಗುಮಾಸ್ತರು ಫೈಲು ತಿರುಗಿಸಿ ನನ್ನ ಮುಂದೆ ಇಟ್ಟರು.

"ಪರೀಕ್ಷೆ ಮಾಡಿ ಸರಿ ಇದೆ ಅಂತ ಬರೆದಿದೆಯಲ್ಲಮ್ಮಾ. ಯಾರ ಸಹಿ ಇದು?"

"ನಂದೇ. ಸುಳ್ಳು ಸಹಿ ಹಾಕಿದೆ ಅಂತಾನೇ ಅರ್ಜಿಯಲ್ಲಿ ಬರೆದಿರೋದು."

"ಆವಾಗ ಸುಳ್ಳು ಹೇಳಿದೋರು ಈವಾಗ ನಿಜ ಹೇಳ್ತಿದೀರಾ ಅಂತ ಹೇಗೆ ನಂಬೋದು?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಹಿರಿಯ ಅಧಿಕಾರಿಯನ್ನಾದರೂ ಹುಡುಕೋಣ ಅಂದರೆ ಅವರಿಗೆ ವರ್ಗವಾಗಿತ್ತು, ಎಲ್ಲಿಗೆ ಅಂತ ಹೇಳುವವರಿಲ್ಲ.

ಕೊನೆಗೆ ಜಾಲಹಳ್ಳಿ ಕಡೆಯ ಬಸ್ಸು ಹಿಡಿದು, ಉಳಿದದ್ದು ನಡೆದು, ಸಿಂಗಾಪುರಕ್ಕೆ ಹೋದೆ. ಸಿಪಾಯಿ ಅಷ್ಟರಲ್ಲಿ ಗಾಡಿಯೊಂದಿಗೆ ತನ್ನ ಪಡೆಗೆ ಹಿಂದಿರುಗಿದ್ದ. ಅವನ ತಾಯಿ ಬದನೆ ಪಾತಿಗೆ ನೀರು ಹಾಯಿಸುತ್ತಿದ್ದರು. ನಾನು ಯಾರು, ಏನು ಮಾಡಿದ್ದೆ, ಎಲ್ಲ ಹೇಳಿದೆ. ಗುದ್ದಲಿ ಊರಿಕೊಂಡು ಕೇಳಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಓದಿರಾಳು ನೀನು. ಕಾಗ್ದ ಬರಿ," ಅಂದರು. "ನನ್ ಎಸ್ರಲ್ಲೇ ಬರಿ. ನಿನ್ ಮಾತು ಕೇಳ್ದಿದ್ರೂ ತಾಯಿ ಮಾತು ಕೇಳ್ತಾನೆ."

ಅವರ ಜಗಲಿಯ ಮೇಲೆ ಕೂತು ಇನ್‌ಲ್ಯಾಂಡ್ ಪತ್ರದಲ್ಲಿ ಎರಡೂ ಲಾಟಿನ ಸಂಖ್ಯೆ ಬರೆದೆ. ನಿಮಗೆ ಕೊಟ್ಟ ಹೊಸ ಜಾಕೆಟ್ಟಿನ ಮೇಲೆ ಈ ಸಂಖ್ಯೆ ಇದ್ದರೆ ಕತ್ತರಿಸಿ, ಒಂದು ಚಿಟಿಕೆ ಅರಳೆ ತೆಗೆದು ಲೋಟದ ನೀರಿಗೆ ಹಾಕು, ಮುಳುಗಿದರೆ ನಿನ್ನ ಮೇಲಿನವರಿಗೆ ತೋರಿಸು ಅಂತ. ಕೆಳಗೆ ತಾಯಿಯ ಹೆಬ್ಬೆಟ್ಟು ಒತ್ತಿಸಿದೆ.

ಎರಡು ತಿಂಗಳಿಗೆ ಉತ್ತರ ಬಂತು. ತಾಯಿ ಮಾರ್ಕೆಟ್ಟಿಗೆ ಬಂದ ದಿನ ನಮ್ಮ ಮನೆ ಹುಡುಕಿಕೊಂಡು ಬಂದು, ಓದು ಅಂತ ಕೊಟ್ಟರು. ಅವನು ತನ್ನ ಜಾಕೆಟ್ಟು ಕತ್ತರಿಸಿದ್ದ. ಮುಳುಗಿತ್ತು. ಜೊತೆಯವರದನ್ನೂ ಕತ್ತರಿಸಿದ್ದ. ತೋರಿಸಲು ಹೋದರೆ, ಸರ್ಕಾರದ ಸಾಮಾನು ಹಾಳು ಮಾಡಿದ ಅಂತ ಮೊದಲು ಅವನಿಗೇ ಏಳು ದಿನ ಶಿಕ್ಷೆ ಕೊಟ್ಟರಂತೆ. ಕೆರೆ ದಡದಲ್ಲಿ ಎಷ್ಟು ಸಿಟ್ಟು ಬಂದಿತ್ತೋ ಅದರ ಎರಡರಷ್ಟು ಬಂತು. ಮೋಸ ಮಾಡಿದವನು ಆರಾಮವಾಗಿ ಯಶವಂತಪುರದಲ್ಲಿ ಕುರ್ಚಿಯ ಮೇಲಿದ್ದ, ಮೋಸ ತೋರಿಸಿದವನು ಬೆನ್ನಿಗೆ ಮೂಟೆ ಕಟ್ಟಿಕೊಂಡು ಮೈದಾನ ಸುತ್ತುತ್ತಿದ್ದ.

ಶಿಕ್ಷೆ ಮುಗಿದ ಮೇಲೆ ಅವನ ಮೇಲಧಿಕಾರಿ ಸುಮ್ಮನೆ ತಾವೇ ಒಂದು ಲೋಟ ನೀರು ತರಿಸಿ ನೋಡಿದರಂತೆ. ಅವರ ಪಡೆಗೆ ಬಂದದ್ದು ಮೊದಲನೆಯ ಲಾಟು. ಎಲ್ಲವನ್ನೂ ತೆಗೆಸಿಹಾಕಿ, ಬೇರೆ ಬರುವವರೆಗೆ ಬಾಯಿ ಬಿಗಿದ ಖಾಲಿ ಪ್ಲಾಸ್ಟಿಕ್ ಡಬ್ಬಗಳನ್ನು ಸೈನಿಕರ ಬೆನ್ನಿಗೆ ಕಟ್ಟಿಸಿ ನೀರಿಗಿಳಿಸಿದರು. 'ಅವ್ವ, ಡಬ್ಬ ನೋಡೋಕೆ ನಗು ಬರ್ತದೆ, ಆದ್ರೆ ತೇಲ್ತದೆ' ಅಂತ ಬರೆದಿದ್ದ. ಎರಡನೆಯ ಲಾಟು ಎಲ್ಲಿಗೆ ಹೋಯಿತೋ ತನಗೆ ಗೊತ್ತಿಲ್ಲ ಅಂತಲೂ ಬರೆದಿದ್ದ. ತಾಯಿ ಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಒಂದು ಕಟ್ಟು ದಂಟಿನ ಸೊಪ್ಪು ಕೊಟ್ಟು ಹೋದರು.

ನಾನು ಯಲಹಂಕದ ಒಂದು ಶಾಲೆಯಲ್ಲಿ ವಿಜ್ಞಾನದ ಮೇಡಂ ಆದೆ. ಚಾಚಾ ಮತ್ತೆ ಬಿಲ್ಲು ಹೊತ್ತು ಬೀದಿಗಿಳಿದರು. ಕಾರ್ಖಾನೆ ಹೆಸರು ಬದಲಿಸಿಕೊಂಡು ಇನ್ನೂ ಹಲವು ವರ್ಷ ನಡೆಯಿತು; ಮ್ಯಾನೇಜರು ವಯಸ್ಸಾಗಿ, ಮಕ್ಕಳು ಮೊಮ್ಮಕ್ಕಳ ನಡುವೆ, ಮನೆಯ ಮಂಚದ ಮೇಲೆ ಸತ್ತರು ಅಂತ ಹೊಲಿಗೆಯವರೊಬ್ಬರು ಸಿಕ್ಕಾಗ ಹೇಳಿದರು. ಎರಡನೆಯ ಲಾಟಿನ ಬಗ್ಗೆ ನಾನು ತಪಾಸಣೆಯ ಕಚೇರಿಗೆ ಪ್ರತಿ ವರ್ಷ ಒಂದು ಪತ್ರ ಬರೆದೆ. ಎಂಬತ್ತರ ದಶಕದ ಕೊನೆಯಲ್ಲಿ, ಒಮ್ಮೆ, ಇಂಗ್ಲಿಷಿನಲ್ಲಿ ಟೈಪು ಮಾಡಿದ ಉತ್ತರ ಬಂತು. ಸದರಿ ಜಾಕೆಟ್ಟುಗಳ ಬಳಕೆಯ ಅವಧಿ ಮುಗಿದಿದ್ದು, ಅವನ್ನು ವಿಲೇವಾರಿ ಮಾಡಲಾಗಿದೆ, ಆದ್ದರಿಂದ ಪರಿಶೀಲನೆಯ ಪ್ರಶ್ನೆ ಬರುವುದಿಲ್ಲ.

ಅಂದರೆ ಅಷ್ಟು ವರ್ಷವೂ ಅವು ಬಳಕೆಯಲ್ಲಿದ್ದವು.

ಆ ಕಾಗದ ಹಿಡಿದು ಚಾಚಾರ ಮನೆಗೆ ಹೋದೆ. ಆಗ ಅವರಿಗೆ ಕಣ್ಣು ಮಂಜಾಗಿತ್ತು, ಬಿಲ್ಲು ಎತ್ತಲು ಆಗುತ್ತಿರಲಿಲ್ಲ. ಅವರ ಹೆಂಡತಿ ಟೀ ತಂದಿಟ್ಟರು. ನಾನು ಗಟ್ಟಿಯಾಗಿ ಓದಿದೆ, ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ಅದನ್ನ ಹಾಕ್ಕೊಂಡೋರ ಬಗ್ಗೆ ಏನಾದ್ರೂ ಬರೆದಿದ್ದಾರಾ?" ಅಂದರು.

"ಇಲ್ಲ ಚಾಚಾ."

"ಮತ್ತೆ ಬರೀ."

ಅವತ್ತೇ ಬರೆದೆ. ಮುಂದಿನ ವರ್ಷವೂ ಬರೆದೆ. ಉತ್ತರ ಬಂದಿಲ್ಲ.